ಗಾಡಿಯ ಕೆಮ್ಮು, ನನ್ನ ಬಾಯಿ

ತಪ್ಪು ಕಾರಿನದಲ್ಲ, ಪೆಟ್ರೋಲಿನದಲ್ಲ, ಅದಕ್ಕೆ ಬೆರೆಸಿದ ಎಥೆನಾಲಿನದಂತೂ ಅಲ್ಲವೇ ಅಲ್ಲ. ನನ್ನ ಬಾಯಿಯದು. ಮಿಮಿಕ್ರಿ ಮಾಡುವವನು ಅಸಲು ಸದ್ದಿಗಿಂತ ಒಂದು ಹಿಡಿ ಹೆಚ್ಚೇ ಕೊಡುತ್ತಾನೆ; ಚಪ್ಪಾಳೆ ಬೀಳುವುದು ಆ ಹೆಚ್ಚಿನದಕ್ಕೆ. ಈ ಸಂಗತಿ ಮೆಕ್ಯಾನಿಕ್‌ಗೆ ಗೊತ್ತಿರಲಿಲ್ಲ.

ಅಪ್ಪನದು ಕಾರ್ಬುರೇಟರ್ ಕಾಲದ ಕಾರು. ಹುಬ್ಬಳ್ಳಿಯಿಂದ ಕಾರ್ಖಾನೆ ಕೆಲಸಕ್ಕೆ ಬಂದು ಅಟ್ಟೂರಿನಲ್ಲಿ ನೆಲೆಸಿದ ಮೇಲೆ ಆಸೆಪಟ್ಟು ಕೊಂಡದ್ದು. ಬಂಕಿನಲ್ಲಿ ಎಥೆನಾಲ್ ಬೆರೆತ ಪೆಟ್ರೋಲೇ ಸಿಗುವಂತಾದ ಮೇಲೆ ಅದು ಸಿಗ್ನಲ್ಲು ಕಂಡಲ್ಲೆಲ್ಲ ಆರಿಹೋಗತೊಡಗಿತು. ಹೋದ ಸಲ ಊರಿಂದ ಬಂದ ಅತ್ತೆಯನ್ನು, ಅಂದರೆ ಅಪ್ಪನ ಅಕ್ಕನನ್ನು, ಹೆಬ್ಬಾಳದಲ್ಲಿ ಇಳಿಸಿ ಆಟೋ ಹತ್ತಿಸಬೇಕಾಯಿತು. ಅಮ್ಮ ಅಂದೇ ತೀರ್ಪು ಕೊಟ್ಟಳು: "ಇನ್ನೊಮ್ಮೆ ಅಕ್ಕಾರನ್ನ ನಡುಬೀದ್ಯಾಗ ನಿಲ್ಲಿಸಿದ್ರ, ಈ ಗಾಡಿ ಗುಜರಿಗೆ."

ಗುಜರಿ ಎಂಬ ಮಾತು ಕೇಳಿ ಅಪ್ಪ ಊಟ ಬಿಟ್ಟ. ಒಂದು ಹೊತ್ತು ಮಾತ್ರ. ಮುಂದಿನ ಹೊತ್ತಿಗೆ ಎಣ್ಣೆಗಾಯಿ ಇತ್ತು.

ಬಾಗಲಗುಂಟೆಯ ಮೆಕ್ಯಾನಿಕ್ ಎಥೆನಾಲ್ ತಡೆಯುವ ರಬ್ಬರ್ ಪೈಪುಗಳನ್ನು ಹಾಕಿ, ಕಾರ್ಬುರೇಟರಿಗೆ ಪೆಟ್ರೋಲ್ ಹೆಚ್ಚು ಬಿಡುವ ದೊಡ್ಡ ಜೆಟ್ ಕೂರಿಸಿದ. "ಎಥೆನಾಲ್ ಇದ್ರೆ ಇಂಜಿನ್ ಜಾಸ್ತಿ ಪೆಟ್ರೋಲ್ ಕೇಳ್ತದೆ, ಅದ್ಕೇ ಇಂಗೆ ಮಾಡಿರೋದು. ಓಡ್ಸಿ ನೋಡು ಗುರು. ಸದ್ದು ಬಂದ್ರೆ ಫೋನ್ ಮಾಡು, ಸ್ಕ್ರೂ ಯಾವ ಕಡೆ ತಿರುಗಿಸ್ಬೇಕು ಅಂತೀನಿ."

ಅತ್ತೆ ಬರುವ ಹಿಂದಿನ ದಿನ ಕಾರು ಸಣ್ಣಗೆ 'ಪುಚಕ್, ಪುಚಕ್' ಎಂದು ಕೆಮ್ಮಿತು. ಫೋನ್ ಮಾಡಿದೆ.

"ಎಂಗೆ ಸದ್ದು ಮಾಡ್ತದೆ?"

ಇಂಥ ಆಹ್ವಾನ ನನಗೆ ಕಾಲೇಜಿನ ವೇದಿಕೆಯಲ್ಲೂ ಬಂದಿರಲಿಲ್ಲ. 'ಪುಚಕ್' ಅನ್ನಲು ಸಂಕೋಚವಾಯಿತು. ಅದು ಬಚ್ಚಲ ನಲ್ಲಿಯ ಸದ್ದು. ಹೊಟ್ಟೆ ತುಂಬ ಉಸಿರೆಳೆದು "ಗುಡುಬುಡು ಗುಡುಬುಡು ಭುಸ್ಸ್" ಎಂದೆ. ಪಕ್ಕದ ಮನೆಯ ನಾಯಿ ಎದ್ದು ನಿಂತಿತು.

"ಅಯ್ಯೋ, ಪೆಟ್ರೋಲ್ ಜಾಸ್ತಿ ಆಗಿ ಉಸಿರು ಕಟ್ಟೈತೆ. ಆ ಚಿಕ್ಕ ಸ್ಕ್ರೂ ಒಳಕ್ಕೆ ತಿರುಗ್ಸು."

ತಿರುಗಿಸಿದೆ. ಪೆಟ್ರೋಲ್ ಸಾಲದೆ ಕೆಮ್ಮುತ್ತಿದ್ದ ಇಂಜಿನ್ನಿಗೆ ಬರುತ್ತಿದ್ದಷ್ಟನ್ನೂ ಕಡಿಮೆ ಮಾಡಿದೆ.

ಮರುದಿನ ಯಶವಂತಪುರ ಸ್ಟೇಷನ್ನಿನಲ್ಲಿ ಅತ್ತೆ ರೊಟ್ಟಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಾರು ಹತ್ತಿದಳು. ಗಂಗಮ್ಮ ಸರ್ಕಲ್ಲಿನ ಕೆಂಪು ದೀಪಕ್ಕೆ ಕಾರು ನಿಂತಿತು, ಜೊತೆಗೆ ಇಂಜಿನ್ನೂ. ಹಿಂದಿನ ಬಸ್ಸು ಹಾರ್ನ್ ಹೊಡೆಯಿತು. ಅದನ್ನೂ ನಾನು ಮಾಡಬಲ್ಲೆ, ಮಾಡಲಿಲ್ಲ.

ಕಾರನ್ನು ಪಕ್ಕಕ್ಕೆ ತಳ್ಳಿದ್ದಾಯಿತು. ಸ್ಟೀರಿಂಗ್ ಹಿಡಿದು ಕೂತ ಅಪ್ಪನ ಮುಖ ಆಗಲೇ ಗುಜರಿ ಅಂಗಡಿ ತಲುಪಿತ್ತು. ನಾನು ಬಾನೆಟ್ ಎತ್ತಿ, ಮೆಕ್ಯಾನಿಕ್‌ಗೆ ಫೋನ್ ಹಚ್ಚಿ, "ಅಣ್ಣಾ, ಮತ್ತೆ ಗುಡುಬುಡು..." ಎಂದು ಶುರು ಮಾಡುವಷ್ಟರಲ್ಲಿ ಅತ್ತೆ ಇಳಿದು ಬಂದು ಫೋನ್ ಕಸಿದುಕೊಂಡಳು.

"ತಮ್ಮಾ, ಇಂವ ಸಣ್ಣಾಂವ ಇದ್ದಾಗ ಹೊಟ್ಟಿನೋವು ಅಂತ ಓಣಿ ಕೂಡಿಸ್ತಿದ್ದ. ನೋಡಿದ್ರ ಬರೇ ಹಸಿವಿ. ಗಾಡಿ ಇಲ್ಲೇ ಐತಿ, ಅದನ್ನ ಕೇಳು." ಫೋನನ್ನು ಇಂಜಿನ್ನಿನ ಬಳಿ ಹಿಡಿದು ಅಪ್ಪನಿಗೆ ಕೂಗಿದಳು, "ಚಾಲೂ ಮಾಡೋ!"

ಪುಚಕ್ ಎಂದಿತು. ಆರಿತು.

"ಇದೂ ಹಸ್ಕೊಂಡೈತೆ ಕಣಮ್ಮಾ," ಎಂದ ಮೆಕ್ಯಾನಿಕ್. "ಸ್ಕ್ರೂ ಹೊರಕ್ಕೆ ತಿರುಗಿಸೋಕೆ ಹೇಳಿ. ಅಲ್ಲ ಗುರು, ನೆನ್ನೆ ಕೇಳ್ಸಿದ್ದು ಯಾವ್ ಲಾರೀದು?"

ಸ್ಕ್ರೂ ಹೊರಕ್ಕೆ ತಿರುಗಿಸಿದೆ. ಅಟ್ಟೂರಿನವರೆಗೆ ಕಾರು ಯಾವ ಕೆಂಪು ದೀಪದಲ್ಲೂ ಆರಲಿಲ್ಲ.

ಅಮ್ಮ ಗೇಟಿನಲ್ಲೇ ನಿಂತಿದ್ದಳು. "ತಡ ಆತಲ್ರೀ ಅಕ್ಕಾರ. ಮತ್ತ ನಿಂತಿತ್ತೇನ್ರೀ ಗಾಡಿ?"

ಅಪ್ಪ ಕೆಮ್ಮಿದ. ನಾನು ಅಪ್ಪನ ಹಾಗೆಯೇ ಕೆಮ್ಮಿದೆ.

ಅತ್ತೆ ರೊಟ್ಟಿ ಚೀಲವನ್ನು ಅಮ್ಮನ ಕೈಗಿತ್ತಳು. "ನಿಂತಿತ್ತವಾ. ಗಾಡಿದೇನೂ ತಪ್ಪಿಲ್ಲ. ಗುಜರಿಗೆ ಹಾಕೂದಿದ್ರ ಈ ನಿನ್ನ ಮಗನ್ನ ಹಾಕು."