ಮುಂದಿನ ಸೀಟಿನ ಗಂಗಕ್ಕ

ಬಸುರಿಯ ಹೊಟ್ಟೆಯ ಮೇಲಿಟ್ಟು ಕೂಸಿನ ಎದೆಬಡಿತ ಕೇಳುವ ಕಟ್ಟಿಗೆಯ ಕೊಳವೆ ಇರುತ್ತದಲ್ಲ, ಪುಟ್ಟ ತುತ್ತೂರಿಯಂಥದ್ದು, ಅದನ್ನು ಗಂಗಕ್ಕ ಚಾಲೂ ಇರುವ ಕಾರಿನ ಎಂಜಿನ್ನಿನ ಮೇಲಿಟ್ಟು, ಬಗ್ಗಿ ಕಿವಿ ಹಚ್ಚಿ, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಹಣೆ ತುಂಬ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ದಾಂಡೇಲಿಯಲ್ಲಿ ಹುಸೇನ ಮಿಸ್ತ್ರಿಯ ಶೆಡ್ಡಿನೊಳಗೆ ಅವಳು ಒಂದು ಕೈ ಎತ್ತಿ “ಗದ್ದಲ ಮಾಡಬ್ಯಾಡ್ರಿ” ಅಂದರೆ, ಕಟ್ಟಿಗೆ ಡಿಪೋದ ಲಾರಿ ಡ್ರೈವರುಗಳು ಬೀಡಿ ಎಳೆಯುವುದನ್ನೂ ನಿಲ್ಲಿಸುತ್ತಿದ್ದರು.

ಗಂಗಕ್ಕ ನನ್ನ ಗಂಡನ ಅಕ್ಕ. ಹದಿನಾಲ್ಕಕ್ಕೆ ಮದುವೆ, ಹತ್ತೊಂಬತ್ತಕ್ಕೆ ವಿಧವೆ. ಆಮೇಲೆ ಹುಬ್ಬಳ್ಳಿಗೆ ಹೋಗಿ ಹೆರಿಗೆ ಮಾಡಿಸುವ ತರಬೇತಿ ಪಡೆದು ಬಂದು, ಡಾಕ್ಟರನಾಗಿದ್ದ ತಮ್ಮನ ಕೂಡ ಕೆಲಸಕ್ಕೆ ನಿಂತಿದ್ದಳು. ಎದುರಿಗೆ ನಾನು ಅವಳನ್ನು “ಅಕ್ಕಾರ” ಎಂದು ಬಹುವಚನದಲ್ಲೇ ಕರೆಯುತ್ತಿದ್ದೆ. ಮನಸ್ಸಿನೊಳಗೆ ಮಾತ್ರ ಏಕವಚನ. ಬರೆಯುವಾಗ ಮನಸ್ಸಿನದೇ ಬರುತ್ತಿದೆ, ಇರಲಿ.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಐವತ್ತರ ದಶಕದ ಕೊನೆಗೆ ಮದುವೆಯಾಗಿ ಹಳಿಯಾಳಕ್ಕೆ ಬರುವಾಗ ನನ್ನ ತಲೆಯಲ್ಲಿ ಒಂದೇ ಚಿತ್ರವಿತ್ತು: ಗಂಡನ ಕಾರು, ಅದರ ಫ್ರಂಟ್ ಸೀಟು, ಅದರಲ್ಲಿ ನಾನು. ಕಾರೇನೋ ಇತ್ತು. ಯಾವನೋ ಸಾಹೇಬ ಊರು ಬಿಡುವಾಗ ಮಾರಿಹೋದ, ಬೆಲ್ಲದ ಬಣ್ಣದ ಪುಟ್ಟ ವಿಲಾಯತಿ ಕಾರು. ಆದರೆ ದಿನ ಬೆಳಗಾದರೆ ಅದು ದಾಂಡೇಲಿ, ಕುಳಗಿ, ಜೋಯ್ಡಾ ಎಂದು ರೋಗಿಗಳ ಕಡೆ ಓಡುವ ಕಾರು, ಮತ್ತು ಅದರ ಫ್ರಂಟ್ ಸೀಟಿನಲ್ಲಿ ಮಡಿಲ ಮೇಲೆ ಔಷಧದ ಚೀಲ ಇಟ್ಟುಕೊಂಡು ಗಂಗಕ್ಕ ಕೂತಿರುತ್ತಿದ್ದಳು. ರವಿವಾರ ನನ್ನನ್ನು ಕರೆದುಕೊಂಡು ಹೊರಟರೂ ನಾನು ಹಿಂದಿನ ಸೀಟಿಗೇ. “ನಿರ್ಮಲಾ, ಹಿಂದ ಆರಾಮ ಕಾಲು ಚಾಚಿ ಕೂಡು” ಅನ್ನುತ್ತಿದ್ದಳು, ಉಪಕಾರ ಮಾಡುವವಳ ಹಾಗೆ. ಹಿಂದಿನಿಂದ ನಾನು ನೋಡುತ್ತಿದ್ದುದು ಎರಡು ತಲೆಗಳನ್ನು. ಎಂಜಿನ್ನು ಒಂದಿಷ್ಟು ಸದ್ದು ಬದಲಿಸಿದರೂ ಇವರು ಎಡಕ್ಕೆ ಹೊರಳಿ “ಅಕ್ಕಾ, ಕೇಳ್ಸಿತೇನು?” ಅನ್ನುವರು. ಅವಳು “ಹೂಂ, ಹೋಗ್ಲಿ ನಡಿ” ಅನ್ನುವಳು. ಗಂಡ ಹೆಂಡಿರ ನಡುವೆಯೂ ಅಂಥ ಮಾತು ನಾನು ಹೆಚ್ಚು ಕೇಳಿಲ್ಲ. ಐ ವಾಸ್ ಜೆಲಸ್. ನಾನು ಓದಿದವಳು, ಅವಳು ನಾಲ್ಕನೇ ಇಯತ್ತೆ. ಅದು ಇನ್ನಷ್ಟು ಉರಿಸುತ್ತಿತ್ತು.

ಒಂದು ಬೇಸಿಗೆಯಲ್ಲಿ ಕಾರು ಏರು ಹತ್ತಲು ಸೋಲತೊಡಗಿತು. ಮಿಸ್ತ್ರಿ ಕಾರ್ಬುರೇಟರ್ ಬಿಚ್ಚಿದ, ಪ್ಲಗ್ ಬದಲಿಸಿದ, ಏನೂ ಆಗಲಿಲ್ಲ. ಆಗಲೇ ಗಂಗಕ್ಕ ಮೊದಲ ಸಲ ಕೊಳವೆ ಹಚ್ಚಿದ್ದು.

“ಮುಂದಿನಿಂದ ಮೂರನೇದು. ಅದರ ಬಾಗಲಾ ಪೂರಾ ತಗೀವಲ್ದು” ಎಂದಳು.

“ಬಾಯಿಸಾಬ, ಇದು ಎಂಜಿನ್ ಐತಿ, ಬಸರಿ ಅಲ್ಲ” ಎಂದು ಹುಸೇನ ಮಿಸ್ತ್ರಿ ನಕ್ಕ.

“ಎರಡೂ ಉಸರಾಡ್ತಾವಲ್ಲೋ. ನೀ ಮೊದಲ ಬಿಚ್ಚು, ಆಮ್ಯಾಲೆ ನಗು.”

ಬಿಚ್ಚಿದ. ಎಂಜಿನ್ನಿನೊಳಗೆ ಕ್ಯಾಮ್‌ಶಾಫ್ಟ್ ಎಂಬ ಉಕ್ಕಿನ ಸಲಾಕೆ ಇರುತ್ತದೆ. ಅದರ ಮೇಲೆ ಮೊಟ್ಟೆಯ ತುದಿಯಂಥ ಉಬ್ಬುಗಳು. ಸಲಾಕೆ ತಿರುಗಿದಂತೆ ಒಂದೊಂದು ಉಬ್ಬು ಒಂದೊಂದು ಪುಟ್ಟ ಬಾಗಿಲನ್ನು ತಳ್ಳಿ ತೆರೆಯುತ್ತದೆ; ಎಂಜಿನ್ನು ಉಸಿರೆಳೆದುಕೊಳ್ಳುವುದೂ ಬಿಡುವುದೂ ಆ ಬಾಗಿಲುಗಳಿಂದ. ಮುಂದಿನಿಂದ ಮೂರನೆಯ ಉಬ್ಬು ಸವೆದು ಸಪಾಟಾಗಿತ್ತು. ಮಿಸ್ತ್ರಿ ಆವತ್ತು ತಲೆಯ ಟೊಪ್ಪಿಗೆ ತೆಗೆದು ಅವಳಿಗೆ ಸಲಾಂ ಮಾಡಿದ. ಇವರ ಮುಖದಲ್ಲಿ ಎಂಥ ಹೆಮ್ಮೆ! ನಾನು ಪಿಯಾನೋ ನುಡಿಸಿದ್ದಕ್ಕೆ ಸಿಕ್ಕಿದ್ದ ಬಹುಮಾನದ ಕಪ್ಪನ್ನು ತೋರಿಸಿದಾಗ “ಛಲೋ ಐತಿ” ಅಂದಿದ್ದರು, ಅಷ್ಟೇ.

ಹೊಸ ಕ್ಯಾಮ್‌ಶಾಫ್ಟಿಗೆ ಮುಂಬಯಿಗೆ ಬರೆಯಬೇಕಾಯಿತು. ಇಂಗ್ಲಿಷ್ ಕಾಗದಪತ್ರವೆಲ್ಲ ನನ್ನ ಕೆಲಸ. ಆ ಮನೆಯಲ್ಲಿ ನನ್ನದೆಂದು ಇದ್ದದ್ದು ಅದೊಂದೇ. ಅಂಗಡಿಯವರು ಮರಳಿ ಬರೆದರು: ಎರಡು ನಮೂನೆಗಳಿವೆ, ಒಂದು ಸಾದಾ, ಒಂದು ಸ್ಪೋರ್ಟ್ಸ್. ಸ್ಪೋರ್ಟ್ಸಿನ ಉಬ್ಬು ಎತ್ತರ, ಬಾಗಿಲು ಹೆಚ್ಚು ಹೊತ್ತು ತೆರೆದಿರುತ್ತದೆ, ಜೋರು ಓಡುವಾಗ ಶಕ್ತಿ ಹೆಚ್ಚು. ಕೊನೆಗೊಂದು ಸಾಲು: ದಿನನಿತ್ಯ ಗುಡ್ಡದ ರಸ್ತೆಯಲ್ಲಿ ನಿಧಾನ ಓಡುವ ಕಾರಾದರೆ ಸಾದಾ ನಮೂನೆಯನ್ನೇ ಹಾಕಿಸಬೇಕೆಂದು ನಮ್ಮ ಸಲಹೆ.

ಇವರು ಕೈ ತೊಳೆಯುತ್ತ ಕೇಳಿದರು, “ಏನ ಬರದಾರ?”

ನಾನು ಬಾಯಿ ತೆರೆಯುವ ಮೊದಲೇ ಗಂಗಕ್ಕ ಹೇಳಿದಳು: “ಏನರ ಬರದಿರಲಿ ತಮ್ಮಾ, ಎರಡು ನಮೂನಿ ಬರ್ತಾವ ಅಂತ ಮಿಸ್ತ್ರಿ ಅಂದಾನ, ಸಾದಾದ್ದ ತರಸು. ಬಿದಿರಿನ ಲಾರಿ ಹಿಂದ ತೆವಳೂ ಗಾಡಿ ನಮ್ದು. ರೇಸಿನ ಕುದುರಿ ಉಸರು ಬ್ಯಾಡ ಇದಕ್ಕ. ದಿನಾ ಎರಡು ಕೊಡ ನೀರು ಹೊರೂ ಹೆಣಮಗಳ ಉಸರು ಬೇಕು.”

ಕಾಗದ ಇನ್ನೂ ನನ್ನ ಕೈಯಲ್ಲಿತ್ತು. ಅದರಲ್ಲಿ ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಟೈಪಾಗಿದ್ದುದನ್ನೇ ಅವಳು ಓದದೆ ಹೇಳಿಬಿಟ್ಟಿದ್ದಳು. ಹಾಗಾದರೆ ನಾನೇಕೆ ಬೇಕು?

“ಸ್ಪೋರ್ಟ್ಸ್ ಅಂತ ಒಂದೈತಿರಿ. ಲೇಟೆಸ್ಟ್. ಪವರ್ ಭಾಳ ಜಾಸ್ತಿ ಅಂತ” ಎಂದೆ. ಕೊನೆಯ ಸಾಲನ್ನು ಓದಿ ಹೇಳಲಿಲ್ಲ.

ಇವರು ಅಕ್ಕನನ್ನೂ ನೋಡಿದರು, ನನ್ನನ್ನೂ ನೋಡಿದರು. ಹೊಸ ಹೆಂಡತಿಯ ಮಾತನ್ನು ಒಮ್ಮೆಯಾದರೂ ನಡೆಸಬೇಕು ಅನ್ನಿಸಿರಬೇಕು. “ಆತು, ಅದನ್ನ ತರಸೂಣು” ಎಂದರು. ಗಂಗಕ್ಕ “ನಿಮ್ಮ ಮರ್ಜಿ” ಎಂದು ಎದ್ದು ರೊಟ್ಟಿ ಬಡಿಯಲು ಹೋದಳು. ಆ ರಾತ್ರಿ ಊಟ ನನಗೆ ರುಚಿ ಹತ್ತಿತು, ಸುಳ್ಳೇಕೆ ಹೇಳಲಿ.

ಸಾಮಾನು ಬಂದಾಗ ಮಿಸ್ತ್ರಿ ಅದನ್ನು ಬೆರಳಲ್ಲಿ ಸವರಿ, “ಡಾಕ್ಟರ್ ಸಾಬ, ಉಬ್ಬು ದೊಡ್ಡದೈತಿ” ಎಂದು ಅನುಮಾನಿಸಿದ. ಇವರು “ನಮ್ಮ ಮನಿಯವರು ಕಾಗದ ಓದ್ಯಾರ, ಹಾಕು” ಎಂದರು.

ಮರುವಾರ ಕುಳಗಿಯ ಬಿದಿರು ಕಡಿಯುವವರ ಕ್ಯಾಂಪಿನಿಂದ ಮಧ್ಯಾಹ್ನ ಕರೆ ಬಂತು. ಚೊಚ್ಚಿಲ ಹೆರಿಗೆ, ಬೆಳಗಿನಿಂದ ಬೇನೆ. ನಾನೂ ಬರುತ್ತೇನೆ ಎಂದು ಹೋಗಿ ಸೀದಾ ಮುಂದೆ ಕೂತೆ. ನಾನು ಆರಿಸಿದ ಕ್ಯಾಮ್‌ಶಾಫ್ಟ್ ಅಲ್ಲವೇ! ಗಂಗಕ್ಕ ಒಂದು ಗಳಿಗೆ ಬಾಗಿಲ ಹತ್ತಿರ ನಿಂತಳು. ಆಮೇಲೆ ಚೀಲ ಎತ್ತಿಕೊಂಡು ಹಿಂದೆ ಹತ್ತಿದಳು.

ದಾಂಡೇಲಿಯ ತನಕ ಕಾರು ಗಾಳಿಯಂತೆ ಹೋಯಿತು. “ನೋಡಿದ್ರಾ ಅಕ್ಕಾರ, ಹೆಂಗ ಹೊಂಟೈತಿ!” ಎಂದು ಹಿಂದೆ ಹೊರಳಿ ಹೇಳಿದೆ. ಅವಳು ಎಂಜಿನ್ನಿನ ಸದ್ದು ಕೇಳುತ್ತಿದ್ದಳು. ಕುಳಗಿಯ ಏರಿನಲ್ಲಿ ಬಿದಿರು ತುಂಬಿದ ಲಾರಿಯೊಂದು ಮುಂದೆ ಸಿಕ್ಕಿತು. ಪಕ್ಕಕ್ಕೆ ಹೋಗಲು ದಾರಿಯಿಲ್ಲ. ನಿಧಾನ ಮಾಡಿದ್ದೇ ತಡ, ಕಾರು ಜಗ್ಗಿತು, ಕೆಮ್ಮಿತು, ನಿಂತಿತು. ಚಾಲೂ ಮಾಡಿದರೆ ಹತ್ತು ಮಾರು ಹೋಗಿ ಮತ್ತೆ ನಿಲ್ಲುವುದು. ಮೂರನೆಯ ಸಲ ನಿಂತಾಗ ಹಿಂದಿನ ಸೀಟು ಖಾಲಿ. ಗಂಗಕ್ಕ ಸೀರೆ ಎತ್ತಿ ಕಟ್ಟಿ, ಚೀಲ ಹೆಗಲಿಗೇರಿಸಿ, ಲಾರಿಯನ್ನೂ ದಾಟಿ ನಡೆಯುತ್ತಿದ್ದಳು. ಎರಡು ಮೈಲಿ. ಅವಳು ಒಮ್ಮೆಯೂ ಹಿಂದೆ ನೋಡಲಿಲ್ಲ.

ನಾವು ತಲುಪುವಷ್ಟರಲ್ಲಿ ಕೂಸು ಅಳುತ್ತಿತ್ತು. ಕೊರಳಿಗೆ ಹೊಕ್ಕುಳ ಬಳ್ಳಿ ಸುತ್ತಿತ್ತಂತೆ, ಇನ್ನೊಂದು ಗಳಿಗೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲವಂತೆ. ಗಂಗಕ್ಕ ಕೈ ತೊಳೆಯುತ್ತ, “ಬಂದ್ರ್ಯಾ? ಚಾ ಇಟ್ಟಾರ, ಕುಡೀರಿ” ಎಂದಳು. ಕ್ಯಾಂಪಿನವರೆಲ್ಲ ನಮ್ಮನ್ನು ಬಿಟ್ಟು ಅವಳ ಸುತ್ತ ನಿಂತಿದ್ದರು. ಆ ಹೊತ್ತಿನಲ್ಲಿ ನನಗೆ ಆಗಬೇಕಾದದ್ದು ನಾಚಿಕೆ. ಆಗಲಿಲ್ಲವೆಂದಲ್ಲ. ಆದರೆ ಅದಕ್ಕಿಂತ ಮೊದಲು ಹೊಟ್ಟೆ ಉರಿಯಿತು.

ಮರುದಿನ ಶೆಡ್ಡಿನಲ್ಲಿ ಮಿಸ್ತ್ರಿ ತಲೆಯಾಡಿಸಿದ. “ಇಂಥಾದ್ದು ಕಳಸೂ ಮುಂದ ದಿನದ ಗಾಡಿಗೆ ಬ್ಯಾಡ ಅಂತ ಬರದ ಬರೀತಾರರಿ ಅವರು. ಸುಮ್ನ ಕಳಸೂದಿಲ್ಲ.”

ಇವರು ನನ್ನ ಕಡೆ ತಿರುಗಿದರು. “ಕಾಗದದಾಗ ಹಂಗ ಇತ್ತೇನು?”

“ಏ ಮಿಸ್ತ್ರಿ, ಭಾಷಣ ಸಾಕು” ಎಂದಳು ಗಂಗಕ್ಕ. “ಸಾದಾದ್ದು ಬರೂ ತನಕಾ ಗಾಡಿ ಹೆಂಗ ಓಡಸೂದು ಅದನ್ನ ಹೇಳು. ಸೋಮವಾರ ಜೋಯ್ಡಾದಾಗ ಇಬ್ಬರು ಬಸರ್ಯಾರು ಕಾಯ್ತಾರ.” ಮಾತು ಅತ್ತ ಹರಿಯಿತು. ಅವಳು ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ನನ್ನನ್ನು ಬಚಾವು ಮಾಡಿದ್ದನ್ನು ಬಹಳ ವರ್ಷ ಕ್ಷಮಿಸಲಾಗಲಿಲ್ಲ.

ಸಾದಾ ಕ್ಯಾಮ್‌ಶಾಫ್ಟ್ ಬಂತು, ಕಾರು ಮೊದಲಿನಂತೆ ತೆವಳುತ್ತ ಎಲ್ಲಾ ಏರು ಹತ್ತಿತು. ಗಂಗಕ್ಕ ಮತ್ತೆ ಮುಂದೆ, ನಾನು ಹಿಂದೆ. ಆ ಮಳೆಗಾಲ ಮುಗಿದ ಮೇಲೆ ಒಂದು ದಿನ ಅವಳು ನನ್ನ ಮೇಜಿನ ಹತ್ತಿರ ಬಂದು ನಿಂತಳು. ಮುಂಡಗೋಡದಲ್ಲಿ ಹೆರಿಗೆ ಆಸ್ಪತ್ರೆ ತೆರೆಯುವುದಿತ್ತು, ಒಬ್ಬ ಮಿಡ್‌ವೈಫ್ ಬೇಕಾಗಿತ್ತು.

“ನಿರ್ಮಲಾ, ಇಂಗ್ಲಿಷ್‌ನಾಗ ಒಂದು ಅರ್ಜಿ ಬರದು ಕೊಡ. ಖರೇ ಎಷ್ಟೈತಿ ಅಷ್ಟೂ ಬರಿ.” ನಾನು ಪೆನ್ನಿನ ಟೊಪ್ಪಿ ತೆಗೆದ ಮೇಲೆ ಹೇಳಿದಳು: “ಈ ಸಲ ಒಂದು ಸಾಲೂ ಬಿಡಬ್ಯಾಡ.”

ತಲೆ ಎತ್ತಲಾಗಲಿಲ್ಲ. ಬರೆದೆ. ಮೂರು ಸಲ ಹರಿದು ಹಾಕಿ ಬರೆದೆ. ಕುಳಗಿಯ ಎರಡು ಮೈಲಿ ಬರೆದೆ, ಕೊರಳಿಗೆ ಸುತ್ತಿದ ಬಳ್ಳಿ ಬರೆದೆ. ಕಿವಿಯಿಂದಲೇ ರೋಗ ಪತ್ತೆ ಹಚ್ಚುತ್ತಾಳೆ ಎಂದೂ ಬರೆದೆ. ಅವಳು ಹೋಗಲಿ ಎಂಬ ಆಸೆ ಇತ್ತು, ಅದಕ್ಕೇ ಕೈ ಅಷ್ಟು ಚೆನ್ನಾಗಿ ಓಡಿತು. ಆದರೆ ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸಿಸ್ಟರುಗಳು ಕಲಿಸಿದ ಹ್ಯಾಂಡ್‌ರೈಟಿಂಗಿನಲ್ಲಿ ಫೇರ್ ಕಾಪಿ ಮಾಡಿ ಓದಿಕೊಂಡಾಗ ಅನ್ನಿಸಿತು, ನನ್ನ ಬಗ್ಗೆ ಯಾರಾದರೂ ಒಂದು ಪುಟ ಬರೆಯಬೇಕೆಂದರೆ ಏನು ಬರೆದಾರು? ಹ್ಯಾಂಡ್‌ರೈಟಿಂಗ್ ಚೆನ್ನಾಗಿದೆ ಎಂದು ಬರೆದಾರು.

ಆರ್ಡರು ಬಂತು. ಒಂದು ಟ್ರಂಕು, ಒಂದು ಚೀಲ ಹಿಡಿದು ಬಸ್ಸು ಹತ್ತಿದಳು. ಆಮೇಲೆ ಬಂದದ್ದು ಹಬ್ಬಕ್ಕೆ, ಅದೂ ಎರಡೋ ಮೂರೋ ಸಲ. ಮುಂಡಗೋಡದಲ್ಲೇ ತೀರಿಕೊಂಡಳು. ಮಣ್ಣಿಗೆ ಇಂದೂರ, ಅತ್ತಿವೇರಿ ಕಡೆಯಿಂದ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಬಂದಿದ್ದರು ಎಂದು ಇವರು ಬಂದು ಹೇಳಿದರು.

ಅವಳು ಮುಂಡಗೋಡದ ಬಸ್ಸು ಹತ್ತಿದ ವಾರವೇ ನಾನು ಮೊದಲ ಸಲ ಇವರೊಬ್ಬರ ಜೊತೆಗೇ ದಾಂಡೇಲಿಗೆ ಹೊರಟಿದ್ದೆ. ಫ್ರಂಟ್ ಸೀಟು, ಇಸ್ತ್ರಿ ಮಾಡಿದ ಸೀರೆ, ತಲೆಯಲ್ಲಿ ಹೂವು. ಊರು ದಾಟಿ ಕಾಡು ಶುರುವಾದ ಮೇಲೆ ಇವರು ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ ಎಡಕ್ಕೆ ಕಿವಿ ವಾಲಿಸಿ ಕೇಳಿದರು:

“ಅಕ್ಕಾ, ಕೇಳ್ಸಿತೇನು?”

ನಾನು ಉಸಿರು ಹಿಡಿದು ಆಲಿಸಿದೆ. ನನಗೆ ಎಲ್ಲವೂ ಒಂದೇ ಸದ್ದಾಗಿ ಕೇಳಿಸಿತು.

“ಹೂಂ” ಎಂದೆ.

“ಏನದು?” ಎಂದು ಕೇಳಿ ಇವರು ತಿರುಗಿ ನೋಡಿದರು.