ಸಲಾಮಿಗೆ ಬಟನ್ ಇಲ್ಲ

ಮಾವನ ಬಲಗೈಯ ಬೆರಳಗಂಟುಗಳು ಚಪ್ಪಟೆಯಾಗಿದ್ದವು. ಎಷ್ಟೋ ವರ್ಷ ಕೋಲಿನ ಪೆಟ್ಟು ತಿಂದ ಗಂಟುಗಳು. ಚಾ ಗ್ಲಾಸು ಹಿಡಿದಾಗ ಅವು ಎದ್ದು ಕಾಣುತ್ತಿದ್ದವು. ಚಿಕ್ಕವಳಿದ್ದಾಗ ನಾನು ಅವನ್ನು ಮುಟ್ಟಿ ನೋಡುತ್ತಿದ್ದೆ.

ಅಮ್ಮನ ಅಣ್ಣ ಅವರು. ಬೋಳಾರದ ವ್ಯಾಯಾಮಶಾಲೆಯಲ್ಲಿ ತಾಲೀಮು ಕಲಿಸುತ್ತಿದ್ದರು. ಕೋಲು, ಕತ್ತಿ, ದಸರಾ ಮೆರವಣಿಗೆಯಲ್ಲಿ ಬೀದಿ ಬಿಡಿಸಿಕೊಂಡು ಆಡುವ ಆ ಜೋಡಿ ಕಾಳಗ. ಪಂಪ್‌ವೆಲ್ ಸರ್ಕಲಿನಲ್ಲಿ ಸ್ಕೂಟರಿನಿಂದ ಬಿದ್ದು ಬಲಭುಜ ಮುರಿದ ಮೇಲೆ ಕೈ ಎದೆಯ ಮೇಲಕ್ಕೆ ಏಳಲಿಲ್ಲ. ನಮ್ಮ ಮನೆಗೇ ಬಂದು ಉಳಿದರು. ಕೋಲನ್ನು ಬಾಗಿಲ ಹಿಂದೆ ನಿಲ್ಲಿಸಿದವರು ಅದರ ಕಡೆ ನೋಡುತ್ತಲೂ ಇರಲಿಲ್ಲ.

ಆಫೀಸಿನಿಂದ ಬಂದು ನಾನು ಟಿವಿಯಲ್ಲಿ ಗೇಮ್ ಆಡುವುದೆಂದರೆ ಅಮ್ಮನಿಗೆ ಮೈಯೆಲ್ಲ ಉರಿ. ಮಾವ ಮಾತ್ರ ಕುರ್ಚಿ ಎಳೆದು ಹತ್ತಿರ ಕೂತರು. ಬೆಟ್ಟ, ನದಿ, ಕುದುರೆ, ಎಲ್ಲಿ ಬೇಕಾದರೂ ಅಲೆಯಬಹುದಾದ ಇಡೀ ಒಂದು ನಾಡು. ನನ್ನ ನಾಯಕಿ ಕತ್ತಿ ಹಿರಿದಾಗ ಅವರ ಕಣ್ಣು ಅಗಲವಾಯಿತು.

"ಇದಕ್ಕೆ ಭುಜ ಬೇಡ ಅಲ್ವಾ? ಹೆಬ್ಬೆರಳು ಸಾಕಲ್ಲ? ಕೊಡು ಇಲ್ಲಿ."

ಇನ್ನೊಮ್ಮೆ ಎದುರಾಳಿಯ ಮುಂದೆ ನಿಲ್ಲಬಹುದು ಎಂಬ ಆಸೆ ಅದು. ನನಗೆ ಆಗಲೇ ಗೊತ್ತಾಯಿತು, ಕಂಟ್ರೋಲರನ್ನು ಅವರ ಕೈಗೆ ಕೊಟ್ಟೆ.

ಮೊದಲ ಕಾಳಗದಲ್ಲೇ ಮಾವ ಸತ್ತರು. ಗೇಮಿನಲ್ಲಿ ಕಳ್ಳರು ಎದುರಾದ ಕೂಡಲೇ ಕಂಟ್ರೋಲರನ್ನು ಮಡಿಲಲ್ಲಿಟ್ಟು, ಬಗ್ಗಿ ನೆಲ ಮುಟ್ಟಿ, ಎಡಗೈಯನ್ನು ಎದೆಗೆ ತಂದರು. ಅಷ್ಟರಲ್ಲಿ ಕತೆ ಮುಗಿದಿತ್ತು.

"ಎಂತ ಮಾಡ್ತೀರಿ ಮಾವ?"

"ಸಲಾಮಿ ಮಾಡದೆ ಆಯುಧ ಎತ್ತಲಿಕ್ಕೆ ಉಂಟಾ? ಅದಕ್ಕೆ ಬಟನ್ ಯಾವುದು?"

ಬಟನ್ ಇಲ್ಲ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಒಂದೊಂದೇ ಒತ್ತಿ ನೋಡಿದರು.

ಬಿಡುವ ಜನ ಅಲ್ಲ, ದಿನಾ ಆಡಿದರು, ದಿನಾ ಬೈದರು. ಒಬ್ಬ ಕಳ್ಳ ಹೊಡೆಯುವಾಗ ಉಳಿದವರು ರೇಷನ್ ಅಂಗಡಿಯ ಕ್ಯೂನಲ್ಲಿ ನಿಂತ ಹಾಗೆ ಸರದಿ ಕಾಯುವುದು ಕಂಡರೆ ತಲೆ ಚಚ್ಚಿಕೊಳ್ಳುತ್ತಿದ್ದರು. "ಹಿಂದಿನಿಂದ ಬಾರೋ ಬೋದಾಳ!" ಎಂದು ಶತ್ರುವಿಗೇ ಪಾಠ. ಎಷ್ಟು ಕೊಚ್ಚಿದರೂ ಬೀಳದವನನ್ನು ಕಂಡರೆ, "ಇವ ಮನುಷ್ಯನಾ ತೆಂಗಿನಮರವಾ?" ಗೋಡೆಯೊಳಗಿಂದ ಕತ್ತಿ ಸಲೀಸಾಗಿ ಹಾದುಹೋದ ದಿನ ಕಂಟ್ರೋಲರ್ ಕೆಳಗಿಟ್ಟರು. "ತಾಗಿದ್ದು ಕೈಗೆ ಗೊತ್ತೇ ಆಗುವುದಿಲ್ಲ ಮಾರಾಯ್ತಿ. ಇಷ್ಟು ದೊಡ್ಡ ಊರು ಕಟ್ಟಿದವರಿಗೆ ಸರಿಯಾದ ಒಂದು ಪೆಟ್ಟು ಕಟ್ಟಲಿಕ್ಕೆ ಆಗಲಿಲ್ಲವಾ?"

ಕೇಳಿದ್ದು ನಗುತ್ತಲೇ. ಆದರೆ ಮರುದಿನ ಕುರ್ಚಿ ಎಳೆಯಲಿಲ್ಲ, ಅದರ ಮರುದಿನವೂ ಇಲ್ಲ. ನನಗೆ ತಡೆಯಲಿಲ್ಲ. ಒಂದು ಭಾನುವಾರ ಬಾಗಿಲ ಹಿಂದಿನ ಕೋಲು ತಂದು ಅವರ ಎಡಗೈಗೆ ಕೊಟ್ಟೆ. ನಾನು ಕೊಡೆ ಹಿಡಿದು ಅಂಗಳದಲ್ಲಿ ನಿಂತೆ.

ಮಾವ ನೆಲ ಮುಟ್ಟುವಾಗಲೇ ನಾನು ಬೀಸಿಬಿಟ್ಟೆ! ಗೇಮ್ ಆಡಿದ ಚಾಳಿ. ಸರಕ್ಕನೆ ಪಕ್ಕಕ್ಕೆ ಸರಿದರು. "ಉಂತು," ಎಂದು ತುಳುವಿನಲ್ಲೇ ನಿಲ್ಲಿಸಿದರು. ತಿರುಗಿ ಹೊಡೆಯಲಿಲ್ಲ. ನನಗೆ ನಾಚಿಕೆಯಾಗಿ, ನಾನು ಕೊಡೆ ಕೆಳಗಿಟ್ಟು ನೆಲ ಮುಟ್ಟುವವರೆಗೂ ಮಾವ ಕೋಲು ಇಳಿಸಿಕೊಂಡು ಸುಮ್ಮನೆ ನಿಂತಿದ್ದರು. ಆಮೇಲೆ ನಡೆದದ್ದು ನನಗೆ ಕಾಣಿಸಲೇ ಇಲ್ಲ. ಕಿವಿಯ ಹತ್ತಿರ ಗಾಳಿ ಬೀಸಿತು. ಕೋಲು ಅಲ್ಲೇ ನಿಂತಿತ್ತು, ಕೂದಲಿಗೂ ತಾಗದೆ.

"ಹೆದರಿದ್ಯಾ? ಆ ಹೆದರಿಕೆ ನಿನ್ನ ಟಿವಿಯವನಿಗೆ ಇಲ್ಲವೇ ಇಲ್ಲ ನೋಡು!"

ಏದುಸಿರು ಬಿಡುತ್ತಾ ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಚಾ ತರಲು ಕೂಗಿದರು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ಮತ್ತೆ ಕಂಡದ್ದು ಕಡಿಮೆ. ಆ ವರ್ಷ ಭಾನುವಾರಗಳೆಲ್ಲ ಕೊಡೆ ಮತ್ತು ಕೋಲಿನವು. ಅಮ್ಮ ಹೊಸ ಕೊಡೆ ತಂದು ಬಚ್ಚಿಟ್ಟುಕೊಂಡಳು.

ಕಳೆದ ಮಳೆಗಾಲದಲ್ಲಿ ಎದೆನೋವು ಬಂದು ಮಾವ ಹೋದರು. ಮೊನ್ನೆ ಆ ಗೇಮಿಗೆ ಅಪ್‌ಡೇಟ್ ಬಂತು, ಹೊಡೆದಾಟ ಸುಧಾರಿಸಿದ್ದೇವೆ ಎಂದಿದ್ದರು. ಹೌದು, ಕತ್ತಿ ಈಗ ಗೋಡೆಗೆ ತಾಗುತ್ತದೆ. "ಮಾವ, ಬನ್ನಿ ಇಲ್ಲಿ," ಎಂದು ಬಾಯಿಗೆ ಬಂದೇಬಿಟ್ಟಿತು.

ಕಳ್ಳರು ಎದುರಾದರು. ನಾನು ಕಂಟ್ರೋಲರ್ ಕೆಳಗಿಟ್ಟು ನೆಲ ಮುಟ್ಟಿದೆ. ತಲೆ ಎತ್ತುವಷ್ಟರಲ್ಲಿ ನನ್ನ ನಾಯಕಿ ಸತ್ತುಬಿದ್ದಿದ್ದಳು. ಅಂದಿನಿಂದ ಪ್ರತಿ ಸಲ ಹಾಗೇ ಮಾಡುತ್ತೇನೆ, ಪ್ರತಿ ಸಲ ಸಾಯುತ್ತೇನೆ. ಸಲಾಮಿ ಮುಗಿಯುವವರೆಗೆ ಅಲ್ಲಿ ಯಾರೂ ಕಾಯುವುದಿಲ್ಲ. ಮಾವ ಕಾಯುತ್ತಿದ್ದರು.