ಕಾರಿನಲ್ಲಿ ಒಂದು ಜಾಗ

ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಹಿಂದೆ ಡಾಕ್ಟ್ರಮ್ಮನ ಹೆರಿಗೆ ಆಸ್ಪತ್ರೆ ಇತ್ತು. ನಾನು ಹುಟ್ಟಿದ್ದು ಅಲ್ಲೇ, ನನ್ನ ತಮ್ಮಂದಿರೂ ಅಲ್ಲೇ. ನಮ್ಮನ್ನು ಹೆತ್ತ ಉಮ್ಮ ಅಲ್ಲಿಗೆ ಹೋಗುತ್ತಿದ್ದದ್ದು ನೆಂಟರ ಮನೆಗೆ ಹೋದ ಹಾಗೆ. ಕೈಯಲ್ಲಿ ಹಲಸಿನ ಹಪ್ಪಳದ ಕಟ್ಟು ಇರಲೇಬೇಕು. ಇಬ್ಬರೂ ಸೇರಿದರೆ ತುಳುವಿನಲ್ಲಿ ಮಾತೋ ಮಾತು, ಹೊರಗೆ ಕಾಯುವವರ ಪಾಡು ಕೇಳುವುದು ಬೇಡ.

ತೊಂಬತ್ತರ ದಶಕದ ಕೊನೆ. ನನ್ನದು ಚೊಚ್ಚಲ ಬಸಿರು. ಗಂಡ ದುಬೈಯಲ್ಲಿ, ನಾನು ಮಿಜಾರಿನ ತವರಿನಲ್ಲಿ. ದಿನ ತುಂಬುತ್ತ ಬಂದ ಹಾಗೆ ಕಾಲು ಬಾತು, ತಲೆ ಸಿಡಿಯತೊಡಗಿತು. ಡಾಕ್ಟ್ರಮ್ಮ ಬಿ.ಪಿ. ನೋಡಿದರು, ಪಟ್ಟಿ ಬಿಚ್ಚಿ ಇನ್ನೊಮ್ಮೆ ಕಟ್ಟಿ ನೋಡಿದರು. ಆಮೇಲೆ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು.

ಉಮ್ಮ ಚೀಟಿ ಮುಟ್ಟಲಿಲ್ಲ. ಸಿಟ್ಟು ಬಂದರೆ ಅವರು ತುಳು ಬಿಟ್ಟು ಶಾಲೆಯ ಕನ್ನಡ ಹಿಡಿಯುತ್ತಿದ್ದರು.

"ಇವಳನ್ನು ಹೆರಿಸಿದ್ದು ನೀವೇ ಅಲ್ವಾ? ಇವಳ ಮಗುವಿಗೆ ಮಾತ್ರ ಯಾಕೆ ಆಗುವುದಿಲ್ಲ?"

"ಬಿ.ಪಿ. ತುಂಬ ಏರಿದೆ. ಫಿಟ್ಸ್ ಬಂದ್ರೆ ಇಲ್ಲಿ ನನ್ನ ಕೈಯಲ್ಲಿ ಆಗ್ಲಿಕ್ಕಿಲ್ಲ. ತಾಯಿ, ಮಗು ಇಬ್ಬರಿಗೂ ಅಪಾಯ ಉಂಟು."

"ನನ್ನ ತಂಗಿಯನ್ನೂ ಹೀಗೇ ಕಳಿಸಿದ್ದು."

ಆ ತಂಗಿ ವಿಟ್ಲದಲ್ಲಿದ್ದವಳು. ಹೋಗುವುದಾ ಬೇಡವಾ ಎಂದು ಮನೆಯವರು ಕೂತು ಮಾತಾಡುವಷ್ಟರಲ್ಲೇ ಹೊತ್ತು ಮೀರಿತ್ತು. ಆದರೆ ಉಮ್ಮನ ಪ್ರಕಾರ ಅವಳನ್ನು ಕೊಂದದ್ದು ಮಂಗಳೂರು. ಹೊರಗೆ ನಮ್ಮ ಬಾಡಿಗೆ ಅಂಬಾಸಿಡರ್ ನಿಂತಿತ್ತು. "ಮನೆಗೆ ಹೋಗುವ" ಎಂದು ಉಮ್ಮ ನನ್ನ ರಟ್ಟೆ ಹಿಡಿದರು. ನನಗೆ ಹೆದರಿಕೆಯಿಂದ ಅಳು ಬಂತು. ಹೆರುವವಳು ನಾನಾದರೂ ನನ್ನನ್ನು ಕೇಳುವವರು ಯಾರೂ ಇರಲಿಲ್ಲ.

ಡಾಕ್ಟ್ರಮ್ಮ ವಾದಕ್ಕೆ ನಿಲ್ಲಲಿಲ್ಲ. ಕೋಟು ಕಳಚಿ ಮೊಳೆಗೆ ಸಿಕ್ಕಿಸಿದರು, ಬ್ಯಾಗು ಹೆಗಲಿಗೇರಿಸಿದರು.

"ನನಗೆ ಹೇಗೂ ಮಂಗಳೂರಿನಲ್ಲಿ ಸ್ವಲ್ಪ ಕೆಲಸ ಉಂಟು. ನಿಮ್ಮ ಕಾರಿನಲ್ಲಿ ಒಂದು ಜಾಗ ಸಿಗಬಹುದಾ?"

ಉಮ್ಮ ಪೇಚಿಗೆ ಸಿಕ್ಕಿಬಿದ್ದರು. ಚೀಟಿಗೆ ಬೇಡ ಅನ್ನಬಹುದು. ತನ್ನ ಮಕ್ಕಳನ್ನೆಲ್ಲ ಹೆರಿಸಿದವರು ಬಾಯಿಬಿಟ್ಟು ಕಾರಿನಲ್ಲಿ ಜಾಗ ಕೇಳಿದಾಗ ಇಲ್ಲ ಅನ್ನುವುದು ಹೇಗೆ? "ಅದಕ್ಕೇನು, ಬನ್ನಿ" ಎಂದು ತಾನೇ ಬಾಗಿಲು ತೆಗೆದರು. ದಾರಿಯುದ್ದಕ್ಕೂ ಡಾಕ್ಟ್ರಮ್ಮ ಒಂದು ಕೈಯಲ್ಲಿ ನನ್ನ ನಾಡಿ ಹಿಡಿದುಕೊಂಡು, ಉಮ್ಮನ ಜೊತೆ ಹಪ್ಪಳದ ಹಿಟ್ಟಿನ ಹದ ಮಾತಾಡಿದರು.

ನನ್ನನ್ನು ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋದ ಮೇಲೆ, ಮಗಳು ಹುಟ್ಟಿ ಅತ್ತದ್ದು ಕೇಳುವ ತನಕ ಡಾಕ್ಟ್ರಮ್ಮ ಉಮ್ಮನ ಪಕ್ಕದಲ್ಲೇ ಕೂತಿದ್ದರಂತೆ. ಆಮೇಲೆ ಎದುರಿನ ಸ್ಟಾಪಿನಲ್ಲಿ ಮೂಡುಬಿದಿರೆಯ ಬಸ್ಸು ಹತ್ತಿದರಂತೆ.

"ಕೆಲಸ ಉಂಟು ಅಂದವರು ಬೇರೆ ಎಲ್ಲಿಗೂ ಹೋಗ್ಲೇ ಇಲ್ಲ ಮಗಳೇ" ಎಂದು ಉಮ್ಮ ವಾರ್ಡಿನಲ್ಲಿ ಕೂತು ಅತ್ತರು.

ಡಾಕ್ಟ್ರಮ್ಮ ಈಗಿಲ್ಲ. ಆಸ್ಪತ್ರೆ ಇದ್ದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಆ ದಾರಿಯಲ್ಲಿ ಹೋದರೆ ಈಗಲೂ ಡೆಟಾಲಿನ ವಾಸನೆ ಹುಡುಕುತ್ತೇನೆ. ಆಮೇಲಿನ ವರ್ಷಗಳಲ್ಲಿ ನೆರೆಕರೆಯ ಯಾವ ಹುಡುಗಿಗಾದರೂ ಮಂಗಳೂರಿಗೆ ಚೀಟಿ ಕೊಟ್ಟು, ಅವಳ ತಾಯಿ ಕಳಿಸುವುದಿಲ್ಲ ಎಂದು ಕೂತದ್ದು ಗೊತ್ತಾದರೆ ಸಾಕು, ಉಮ್ಮ ಒಲೆಯ ಮೇಲಿನದ್ದು ಇಳಿಸಿ, ಬುರ್ಖಾ ಹಾಕಿಕೊಂಡು ಅವರ ಅಂಗಳದಲ್ಲಿ ಹೋಗಿ ನಿಲ್ಲುತ್ತಿದ್ದರು.

"ನನಗೆ ಮಂಗಳೂರಿನಲ್ಲಿ ಸ್ವಲ್ಪ ಕೆಲಸ ಉಂಟು. ನಿಮ್ಮ ಕಾರಿನಲ್ಲಿ ಒಂದು ಜಾಗ ಸಿಗಬಹುದಾ?"